ಸಕ್ಕರೆ ಒಡೆಯುವ ಸುತ್ತಿಗೆಗೆ ಅಷ್ಟೊಂದು ಕೆತ್ತನೆ ಯಾಕೆ?

ಪ್ರಶ್ನೆ: ಪ್ಯಾರಿಸ್‌ನ ಮ್ಯೂಸಿಯಂ ಒಂದರಲ್ಲಿ ಪುಟ್ಟ ಹಿತ್ತಾಳೆ ಸುತ್ತಿಗೆ ನೋಡಿದೆ, ಮೈತುಂಬ ಕೆತ್ತನೆ. ‘ತುವಾರೆಗ್ ಜನರ ಸಕ್ಕರೆ ಸುತ್ತಿಗೆ’ ಅಂತ ಬರೆದಿತ್ತು. ಸಕ್ಕರೆಗೆ ಸುತ್ತಿಗೆ ಯಾಕೆ? ಅದಕ್ಕೆ ಇಷ್ಟೊಂದು ಅಲಂಕಾರ ಯಾಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ತುವಾರೆಗ್ ಅಂದರೆ ಸಹಾರಾ ಮರುಭೂಮಿಯ ಅಲೆಮಾರಿ ಮೂಲದ ಜನ. ಅಲ್ಲಿಗೆ ಸಕ್ಕರೆ ಬರುತ್ತಿದ್ದದ್ದು ಪುಡಿಯಾಗಿ ಅಲ್ಲ, ತುದಿ ಚೂಪಾದ ದೊಡ್ಡ ಅಚ್ಚಾಗಿ. ಮೊರಾಕ್ಕೋದಲ್ಲಿ ಈಗಲೂ ಕಾಗದ ಸುತ್ತಿದ ಸುಮಾರು 2 ಕಿಲೋ ತೂಕದ ಅಚ್ಚು ಸಿಗುತ್ತದೆ. ಕಲ್ಲಿನಷ್ಟು ಗಟ್ಟಿ. ಕೈಯಲ್ಲಿ ಮುರಿಯಲು ನೋಡಿದರೆ ಬೆರಳು ನೋಯುತ್ತದೆ ಅಷ್ಟೇ, ಹಾಗಾಗಿ ಚಹಾಕ್ಕೆ ಸಕ್ಕರೆ ಒಡೆಯಲು ಸುತ್ತಿಗೆ ಬೇಕೇ ಬೇಕು.

ಅಲಂಕಾರದ ಮಾತಿಗೆ ಬಂದರೆ, ಅಲ್ಲಿ ಚಹಾ ಒಳಗೆಲ್ಲೋ ಕುದಿಸಿ ತಂದುಕೊಡುವ ಪದಾರ್ಥ ಅಲ್ಲ. ಬಂದವರ ಎದುರೇ ಚಾಪೆ ಮೇಲೆ ಕೂತು, ಕೆಂಡ ಮಾಡಿಕೊಂಡು, ನಿಧಾನಕ್ಕೆ ಕಾಯಿಸುತ್ತಾರೆ. ಕೆಟಲಿ, ತಟ್ಟೆ, ಪುಟ್ಟ ಗಾಜಿನ ಲೋಟ, ಸುತ್ತಿಗೆ ಎಲ್ಲ ಕಣ್ಣೆದುರೇ ಇರುತ್ತವೆ. ಒಂಟೆ ಮೇಲೆ ಹೇರಿಕೊಂಡು ಹೋಗುವ ಮನೆಯಲ್ಲಿ ಸಾಮಾನೇ ಕಡಿಮೆ, ಇರುವ ನಾಲ್ಕನ್ನು ಚೆನ್ನಾಗಿ ಮಾಡಿಸಿಕೊಳ್ಳದೆ ಇನ್ನೇನು ಮಾಡಿಸಿಕೊಳ್ಳುತ್ತಾರೆ?

ಮಾಡಿಕೊಡುವವರು ‘ಇನಾಡನ್’ ಎಂಬ ಕುಲಕಸುಬಿನವರು. ಕಮ್ಮಾರ, ಅಕ್ಕಸಾಲಿ, ಬಡಗಿ ಮೂರೂ ಅವರೇ. ಒಂಟೆಯ ಜೀನು, ಕತ್ತಿ, ಬೀಗ, ಸರ, ಎಲ್ಲವೂ ಅವರ ಕೈಯಿಂದಲೇ ಬರಬೇಕು. ಅವರ ಉಪಕರಣ ಅಂದರೆ ಲೋಹ ಬಡಿಯಲು ನೆಲದಲ್ಲಿ ಹೂತ ಸಣ್ಣ ಅಡಿಗಲ್ಲು, ಆಡಿನ ಚರ್ಮದ ತಿದಿ, ಕೆಲವು ಉಳಿ, ಅರ. ಕೂತಲ್ಲೇ ಕಾಲ್ಬೆರಳಿನಿಂದ ವಸ್ತುವನ್ನು ಒತ್ತಿಹಿಡಿದು ಕೈಯಲ್ಲಿ ಗೀರುತ್ತಾರೆ. ಹಿತ್ತಾಳೆಯ ಹಳದಿ, ತಾಮ್ರದ ಕೆಂಪು, ಕಬ್ಬಿಣದ ಕಪ್ಪು ಒಂದೇ ಸುತ್ತಿಗೆಯಲ್ಲಿ ಸೇರುವುದೂ ಉಂಟು. ಮೇಲೆ ಸಣ್ಣ ಗೆರೆ, ತ್ರಿಕೋನ, ಚುಕ್ಕೆ.

ನನಗೆ ತುಂಬ ಇಷ್ಟವಾದ ವಿಷಯ ಏನು ಗೊತ್ತಾ, ಈ ಸುತ್ತಿಗೆ ಪುರಾತನ ವಸ್ತುವೇ ಅಲ್ಲ. 1850ರ ದಶಕದ ಕ್ರಿಮಿಯಾ ಯುದ್ಧದ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿಗಳು ಚೀನಾದ ಹಸಿರು ಚಹಾವನ್ನು ಮೊರಾಕ್ಕೋದ ಬಂದರುಗಳಲ್ಲಿ ಜಾಸ್ತಿ ಇಳಿಸತೊಡಗಿದರು. ಅದು ದಕ್ಷಿಣಕ್ಕೆ ಇಳಿದು ಮರುಭೂಮಿಯ ನಡುವಿನ ತುವಾರೆಗ್ ಡೇರೆಗಳಲ್ಲಿ ದಿನನಿತ್ಯದ ಪಾನೀಯವಾಗುವಾಗ 20ನೇ ಶತಮಾನ ಬಂದಿತ್ತು. ಹೊಸ ಅಭ್ಯಾಸ ಬಂತು, ಕುಶಲಕರ್ಮಿ ಅದಕ್ಕೆ ತಕ್ಕ ಹೊಸ ಉಪಕರಣ ಮಾಡಿ ತನ್ನ ಹಳೆಯ ಗೆರೆಗಳನ್ನೇ ಅದರ ಮೇಲೆ ಕೆತ್ತಿದ.

ಪ್ರಶ್ನೆ: ಮಾರಿಟಾನಿಯಾದಲ್ಲಿ ಕೆಲಸಕ್ಕಿರುವ ನನ್ನ ತಮ್ಮ, ಯಾರ ಮನೆಗೆ ಹೋದರೂ ಮೂರು ಲೋಟ ಚಹಾ ಕುಡಿಯದೆ ಏಳುವ ಹಾಗಿಲ್ಲ ಅನ್ನುತ್ತಾನೆ. ಒಂದೇ ಸಾಕು ಅಂದರೆ ತಪ್ಪಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೂರೂ ಕುಡಿದೇ ಏಳಲಿ ಬಿಡಿ, ಅದೇ ಮರ್ಯಾದೆ. ಅಲ್ಲಿನ ‘ಮೂರ್’ (Moor) ಎಂಬ ಸಮುದಾಯದವರೂ ತುವಾರೆಗ್ ಜನರೂ ಒಂದೇ ಸೊಪ್ಪಿಗೆ ಮತ್ತೆ ಮತ್ತೆ ನೀರು, ಸಕ್ಕರೆ ಹಾಕಿ ಮೂರು ಸುತ್ತು ಮಾಡುತ್ತಾರೆ. ಪುದೀನಾನೂ ಬೀಳುತ್ತದೆ. ಮೊದಲನೆಯದು ಒಗರು, ಸಾವಿನಷ್ಟು ಕಹಿ ಅನ್ನುತ್ತಾರೆ. ಎರಡನೆಯದು ಬದುಕಿನ ಹಾಗೆ ಹದ, ಮೂರನೆಯದು ಪ್ರೀತಿಯಷ್ಟು ಸಿಹಿ. (ಈ ಮಾತು ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ.) ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿದು ಸುರಿದು ನೊರೆ ಬರಿಸುತ್ತಾರೆ. ನೊರೆ ಇಲ್ಲದ ಚಹಾ ಕೊಟ್ಟರೆ ಮಾಡಿದವರಿಗೇ ನಾಚಿಕೆ. ಒಳ್ಳೆ ಚಹಾಕ್ಕೆ ಮೂರು ಬೇಕಂತೆ: ಜೊತೆಗೆ ಜನ, ಕೈಯಲ್ಲಿ ಸಮಯ, ಒಲೆಯಲ್ಲಿ ಕೆಂಡ. ನಿಮ್ಮ ತಮ್ಮನಿಗೆ ಹೇಳಿ, ಗಂಟೆ ಮೇಲಾದರೂ ಆಗುತ್ತದೆ, ಗಡಿಯಾರ ನೋಡುತ್ತಾ ಕೂರಬಾರದು.

ಪ್ರಶ್ನೆ: ತುವಾರೆಗ್ ಜನ ಮುಸ್ಲಿಮರು ಅಲ್ವಾ? ಮತ್ತೆ ಬೆಳ್ಳಿಯ ಶಿಲುಬೆ ಯಾಕೆ ಹಾಕಿಕೊಳ್ಳುತ್ತಾರೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಶಿಲುಬೆ’ ಅನ್ನುವ ಹೆಸರು ಯುರೋಪಿನವರು ಇಟ್ಟದ್ದು. ನೈಜರ್ ದೇಶದ ಅಗಾದೆಜ್ ಪಟ್ಟಣದ ಹೆಸರಿನ ಈ ಪದಕ ಕ್ರೈಸ್ತರದ್ದಲ್ಲ. ಇನ್‌ಗಾಲ್, ತಾಹುವಾ, ಜಿಂದರ್, ಬಿಲ್ಮಾ ಹೀಗೆ ಬೇರೆ ಬೇರೆ ಊರಿಗೂ ಬೇರೆ ಬೇರೆ ಮಾದರಿ ಇದೆ, ಒಟ್ಟು 21 ಅಂತ ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಮೇಣದಲ್ಲಿ ಆಕಾರ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹೊರಗೆ ಹರಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಬೆಳ್ಳಿ ಸುರಿಯುತ್ತಾರೆ. ಆಮೇಲೆ ಮಣ್ಣನ್ನು ಒಡೆಯಲೇಬೇಕು, ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಚಿನ್ನ ಅವರಿಗೆ ಅಪಶಕುನ, ಬೆಳ್ಳಿಯೇ ಶುಭ. ಬಹಳ ಕಾಲ ಆ ಬೆಳ್ಳಿ ಬರುತ್ತಿದ್ದದ್ದು ಆಸ್ಟ್ರಿಯಾದ ರಾಣಿ ಮಾರಿಯಾ ತೆರೇಸಾಳ ಮುಖವಿದ್ದ, 1780 ಎಂದು ಮುದ್ರೆಯಿದ್ದ ದೊಡ್ಡ ನಾಣ್ಯಗಳಿಂದ. ಅವುಗಳನ್ನು ಕರಗಿಸಿಯೇ ಒಡವೆ ಎರಕ ಹೊಯ್ಯುತ್ತಿದ್ದರು.