ಸರ್ಕಾರಿ ಸೇವೆಗಳನ್ನು ಖಾಸಗಿಯವರಿಗೆ ವಹಿಸಿದರೆ ಕೆಲಸ ಸುಧಾರಿಸುತ್ತದೆಯೇ?

ಕೆಲವು ಸುಧಾರಿಸುತ್ತವೆ, ಕೆಲವು ಹದಗೆಡುತ್ತವೆ. ನಾನೂ ಒಂದು ಕಾಲದಲ್ಲಿ ಖಾಸಗೀಕರಣ ಎಂದರೆ ಕಣ್ಣುಮುಚ್ಚಿ ಹೌದು ಅನ್ನುತ್ತಿದ್ದವನೇ. ಅಮೆರಿಕದ ಇಂಡಿಯಾನಾ ರಾಜ್ಯದ ಎರಡು ಗುತ್ತಿಗೆಗಳನ್ನು ಪಕ್ಕಪಕ್ಕ ಇಟ್ಟು ಓದಿದ ಮೇಲೆ ಆ ಹುರುಪು ಇಳಿಯಿತು. ಎರಡೂ 2006ರವು, ಎರಡೂ ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಸರ್ಕಾರದ ಮುಖ್ಯಸ್ಥ) ಮಿಚ್ ಡೇನಿಯಲ್ಸ್ ಕಾಲದವು.

ಮೊದಲನೆಯದು ಟೋಲ್ ರಸ್ತೆ. 75 ವರ್ಷಕ್ಕೆ ಗುತ್ತಿಗೆ ಕೊಟ್ಟು ಸರ್ಕಾರ ಸುಮಾರು 380 ಕೋಟಿ ಡಾಲರ್ ಮುಂಗಡವಾಗಿಯೇ ಪಡೆಯಿತು. 2014ರಲ್ಲಿ ಗುತ್ತಿಗೆ ಹಿಡಿದ ಕಂಪನಿ ದಿವಾಳಿ ಅರ್ಜಿ ಹಾಕಿತು. ಆದರೂ ವಾಹನಗಳು ಓಡಾಡುತ್ತಲೇ ಇದ್ದವು, ಸರ್ಕಾರದ ದುಡ್ಡು ಸರ್ಕಾರದ ಬಳಿಯೇ ಉಳಿಯಿತು. (ಮೊಮ್ಮಕ್ಕಳ ಕಾಲದ ಟೋಲನ್ನೂ ಈಗಲೇ ಮಾರಿಬಿಟ್ಟರು ಎಂಬ ತಕರಾರು ಬೇರೆ, ಅದು ನನಗೂ ಇದೆ.)

ಎರಡನೆಯದು ಬಡವರ ಆಹಾರ ನೆರವು, ನಗದು ನೆರವು, ಮೆಡಿಕೈಡ್ ವೈದ್ಯಕೀಯ ನೆರವಿಗೆ ಯಾರು ಅರ್ಹರು ಎಂದು ಪರಿಶೀಲಿಸುವ ಕೆಲಸ. ಹತ್ತು ವರ್ಷದ, ಸುಮಾರು 130 ಕೋಟಿ ಡಾಲರ್‌ನ ಗುತ್ತಿಗೆ ಕಂಪ್ಯೂಟರ್ ಕಂಪನಿ ಐಬಿಎಂ ಪಾಲಾಯಿತು. ಮೊದಲು ಒಂದು ಕುಟುಂಬದ ಕಡತವನ್ನು ಅದರ ಕಷ್ಟ ಬಲ್ಲ ಒಬ್ಬ ನೌಕರ ನೋಡಿಕೊಳ್ಳುತ್ತಿದ್ದ. ಆ ಜಾಗಕ್ಕೆ ಕಾಲ್ ಸೆಂಟರ್, ಆನ್‌ಲೈನ್ ಅರ್ಜಿ, ಫ್ಯಾಕ್ಸ್ ಬಂದವು. ಕಳಿಸಿದ ಕಾಗದ ಎಲ್ಲೋ ಕಳೆದುಹೋದರೂ ‘ಅರ್ಜಿದಾರರು ಸಹಕರಿಸಲಿಲ್ಲ’ ಎಂಬ ಷರಾ ಬಿದ್ದು ನೆರವು ನಿಲ್ಲುತ್ತಿತ್ತು. ಗೋಳು ಎಷ್ಟಾಯಿತೆಂದರೆ, 2009ರಲ್ಲಿ ಡೇನಿಯಲ್ಸ್ ಅವರೇ ಗುತ್ತಿಗೆ ರದ್ದು ಮಾಡಿದರು. ರಾಜ್ಯ ಸರ್ಕಾರ, ಐಬಿಎಂ ಎರಡೂ ಕೋರ್ಟಿಗೆ ಹೋದವು. ಐಬಿಎಂ ಒಪ್ಪಂದವನ್ನು ಗಂಭೀರವಾಗಿ ಉಲ್ಲಂಘಿಸಿದೆ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2016 ಆಗಿತ್ತು.

ನನಗೆ ಕಾಣುವ ವ್ಯತ್ಯಾಸ ಇಷ್ಟು: ರಸ್ತೆಯಲ್ಲಿ ಗುಂಡಿ ಬಿದ್ದರೆ ಹೋಗಿಬರುವವರಿಗೆಲ್ಲ ಕಾಣುತ್ತದೆ, ಅಳೆದು ದಂಡ ಹಾಕಬಹುದು. ಅರ್ಹನೊಬ್ಬನ ಅರ್ಜಿ ತಪ್ಪಾಗಿ ತಿರಸ್ಕಾರವಾದರೆ ಲೆಕ್ಕಪತ್ರದಲ್ಲಿ ಅದು ‘ವಿಲೇವಾರಿ’ ಆದ ಅರ್ಜಿಯೇ. ಫೋನ್ ಎಷ್ಟು ಸೆಕೆಂಡಿಗೆ ಎತ್ತಿದರು ಎಂದು ಎಣಿಸುವುದು ಸುಲಭ, ತೀರ್ಮಾನ ನ್ಯಾಯವಾಗಿತ್ತೇ ಎಂದು ಎಣಿಸುವುದು ಕಷ್ಟ. ಮೇಲಾಗಿ ಆ ಅರ್ಜಿದಾರನಿಗೆ ಹೋಗಲು ಬೇರೆ ಅಂಗಡಿಯೇ ಇಲ್ಲ. ಪೈಪೋಟಿಯಿಂದ ಗುಣಮಟ್ಟ ಏರುತ್ತದೆ ಎಂಬ ವಾದ ಅಲ್ಲಿಗೇ ಮುರಿದುಬೀಳುತ್ತದೆ.

ಹಾಗಾಗಿ ಯಾವುದೇ ಸೇವೆಯ ಟೆಂಡರ್ ಬಗ್ಗೆ ಕೇಳಿದಾಗ ನಾನು ನೋಡುವುದು ಎರಡನ್ನೇ. ಏನನ್ನು ಎಣಿಸಿ ಬಿಲ್ ಪಾಸ್ ಮಾಡುತ್ತಾರೆ? ನಾಳೆ ಗುತ್ತಿಗೆ ಮುರಿದರೆ ಆ ಕೆಲಸ ಬಲ್ಲ ನೌಕರರು ಸರ್ಕಾರದ ಬಳಿ ಉಳಿದಿರುತ್ತಾರಾ? ಇಂಡಿಯಾನಾದಲ್ಲಿ ಅವರಲ್ಲಿ ಬಹುಪಾಲು ಜನರನ್ನು ಅಷ್ಟರಲ್ಲಾಗಲೇ ಗುತ್ತಿಗೆದಾರರ ಸಂಬಳಕ್ಕೆ ದಾಟಿಸಿಬಿಟ್ಟಿದ್ದರು.