ಸರಳನ್ನು ತಿನ್ನುವುದು ಉಪ್ಪೇ?

ಪ್ರಶ್ನೆ: ನಮ್ಮ ಮನೆ ಕಾರವಾರದ ಕಡಲತೀರಕ್ಕೆ ಹತ್ತಿರ. ಕಿಟಕಿಯ ಸರಳುಗಳಿಗೆ ವರ್ಷವರ್ಷವೂ ಬಣ್ಣ ಬಳಿದರೂ ತುಕ್ಕು ಹಕ್ಕಳೆಯಾಗಿ ಉದುರುತ್ತದೆ. ಸಿರ್ಸಿಯ ಅಕ್ಕನ ಮನೆಯಲ್ಲಿ ಹೀಗಿಲ್ಲ. ಅಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುತ್ತದೆ, ಅಷ್ಟೇ. ಕಬ್ಬಿಣವನ್ನು ಉಪ್ಪು ತಿನ್ನುತ್ತದೆಯೇ?
– ಗೃಹಿಣಿ, ಕಾರವಾರ

ಉತ್ತರ: ತಿನ್ನುವುದು ಉಪ್ಪಲ್ಲ ತಾಯಿ, ಗಾಳಿಯಲ್ಲಿರುವ ಆಮ್ಲಜನಕ. ಅದಕ್ಕೆ ನೀರಿನ ಜೊತೆ ಬೇಕು. ಸರಳು ಒದ್ದೆಯಾದಾಗ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ನೀರಿಗಿಳಿಯುತ್ತದೆ. ಅದೇ ಸರಳಿನ ಇನ್ನೊಂದೆಡೆ ಆಮ್ಲಜನಕ ಅವನ್ನು ಪಡೆಯುತ್ತದೆ. ಆಮೇಲೆ ಕಬ್ಬಿಣ ಮೂರನೆಯ ಎಲೆಕ್ಟ್ರಾನನ್ನೂ ಕಳೆದುಕೊಂಡು, ನೀರು ಸೇರಿದ ಆಕ್ಸೈಡ್ ಆಗುತ್ತದೆ. ಅದೇ ತುಕ್ಕು. ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಅದು ಉಬ್ಬಿ ಉದುರುತ್ತದೆ. ಒಳಗಿನ ಹೊಸ ಕಬ್ಬಿಣ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ.

ಉಪ್ಪು ಇಲ್ಲಿ ದಲ್ಲಾಳಿ. ನೀರಿನ ಪೊರೆಯಲ್ಲಿ ವಿದ್ಯುತ್ ಸರಾಗವಾಗಿ ಹರಿಯುವಂತೆ ಮಾಡುತ್ತದೆ. ಅದರಲ್ಲಿರುವ ಕ್ಲೋರೈಡ್, ಲೋಹದ ಮೇಲಿನ ತೆಳುವಾದ ರಕ್ಷಾಪದರವನ್ನು ಒಡೆಯುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇದ್ದು, ಅದು ಗಾಳಿಯ ತೇವವನ್ನು ಹೀರುತ್ತದೆ. ಮಳೆ ಬಿಟ್ಟ ದಿನವೂ ಸರಳಿನ ಮೇಲೆ ಬೆರಳಾಡಿಸಿ ನೋಡಿ, ಅಂಟಂಟಾಗಿರುತ್ತದೆ. ಸೂರಿನಡಿಯ ಸರಳಿಗಂತೂ ತೊಳೆಯುವ ಮಳೆಯೂ ತಲುಪದೆ ಉಪ್ಪು ಕೂಡಿಕೊಳ್ಳುತ್ತಲೇ ಹೋಗುತ್ತದೆ.

ಮೆಟ್ಟುಗತ್ತಿಯ ಕಪ್ಪು ಬೇರೆಯೇ ಸಂಯುಕ್ತ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವಂಥದು. ಹಿಂದಿನವರ ಕಪ್ಪು ಶಾಯಿಯೂ ಇದೇ ಜಾತಿಯದು. ನಿಮ್ಮ ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರನ್ನು ಕೆದಕಿದರೆ ಕಾಣುವ ಕಪ್ಪು ಮತ್ತೊಂದು ಬಗೆ. ಗಾಳಿಯಾಡದ ಆ ಕೆಸರಿನಲ್ಲಿ ಕಬ್ಬಿಣಕ್ಕೆ ಸಿಗುವ ಸಂಗಾತಿ ಗಂಧಕ. ಹೊರಗೆ ತೆಗೆದಿಟ್ಟರೆ ಆಮ್ಲಜನಕ ತಾಗಿ ಕ್ರಮೇಣ ಕಂದಾಗುತ್ತದೆ. ಸಾಧ್ಯವಾದರೆ ಮಕ್ಕಳಿಗೆ ತೋರಿಸಿ.

ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕ್ಲೋರೈಡ್ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ದೀಪಾವಳಿ ಕಳೆದ ಒಣಹವೆಯಲ್ಲಿ ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಾವಿಯ ಸಿಹಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ. ಅದೇ ದಿನ ಸತುವಿನ ಪ್ರೈಮರ್ ಹಚ್ಚಿ. ಕಬ್ಬಿಣಕ್ಕಿಂತ ಮೊದಲು ಸತುವೇ ತನ್ನ ಎಲೆಕ್ಟ್ರಾನ್ ಕೊಡುತ್ತದೆ. ಬಣ್ಣ ಆಮೇಲೆ. ಸರಳು ಚೌಕಟ್ಟಿಗೆ ಸೇರುವ ಬುಡವನ್ನು ಬಿಡಬೇಡಿ, ನೀರು ನಿಲ್ಲುವುದು ಅಲ್ಲಿಯೇ.