ಪ್ರತಿಕ್ರಿಯೆ: ವೀಲ್‌ಚೇರ್‌ನಲ್ಲಿ ಗಡಿ ದಾಟುವ ರೈಲು

ಅಮ್ಮನನ್ನು ವೀಲ್‌ಚೇರ್‌ನಲ್ಲಿ ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಿಂದ ಜರ್ಮನಿಯ ಕಲೋನ್‌ಗೆ, ಅಲ್ಲಿ ರೈಲು ಬದಲಿಸಿ ಬಾನ್‌ಗೆ ಕರೆದುಕೊಂಡು ಹೋಗಬೇಕು, ಹತ್ತಿಳಿಯಲು ಸಹಾಯ ಬೇಕು ಅಂತ ಎರಡೂ ದೇಶದ ರೈಲ್ವೆಯವರಿಗೆ ಬೇರೆ ಬೇರೆ ಹೇಳಬೇಕಾ ಅಂತ ಕೇಳಿದ್ದೀರಿ.

ಬೇಕಿಲ್ಲ. ಐರೋಪ್ಯ ಒಕ್ಕೂಟದ ಹೊಸ ರೈಲು ಪ್ರಯಾಣಿಕರ ನಿಯಮ 2023ರ ಜೂನ್‌ನಿಂದ ಜಾರಿಯಲ್ಲಿದೆ. ಒಂದು ಪ್ರಯಾಣಕ್ಕೆ ಒಂದೇ ಸಲ ತಿಳಿಸಿದರೆ ಸಾಕು. ಆಚೆ ದೇಶದ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸುವುದು ನೀವು ತಿಳಿಸಿದ ರೈಲ್ವೆಯವರ ಕೆಲಸ. ಮೊದಲು 48 ಗಂಟೆ ಮುಂಚೆ ಹೇಳಬೇಕಿತ್ತು, ಈಗ ಸಾಮಾನ್ಯವಾಗಿ 24. ಸಹಾಯಕ್ಕೆ ದುಡ್ಡು ಕೊಡಬೇಕಿಲ್ಲ.

ಆದರೆ ಕುರ್ಚಿಯ ಅಗಲ, ತೂಕ ಮರೆಯದೆ ಹೇಳಿ. ಯುರೋಪಿನ ಮಾನದಂಡದಲ್ಲೇ ಪ್ಲಾಟ್‌ಫಾರಂಗೆ 55 ಮತ್ತು 76 ಸೆಂಟಿಮೀಟರ್ ಅಂತ ಎರಡು ಎತ್ತರ ಇವೆ. ಹಳೆಯವು ಇನ್ನೂ ಬೇರೆ. ಹಾಗಾಗಿ ಎಷ್ಟೋ ಕಡೆ ರೈಲಿನ ಬಾಗಿಲಿಗೂ ಪ್ಲಾಟ್‌ಫಾರಂಗೂ ಎತ್ತರ ಹೊಂದುವುದೇ ಇಲ್ಲ, ಸಿಬ್ಬಂದಿ ಕುರ್ಚಿಯನ್ನು ಮೇಲೆತ್ತುವ, ಗಾಲಿ ಇರುವ ಲಿಫ್ಟ್ ತಳ್ಳಿಕೊಂಡು ಬರುತ್ತಾರೆ. ನಮ್ಮ ಅತ್ತೆಯನ್ನು ಅದರ ಮೇಲೆ ಕೂರಿಸಿ, ಬ್ರೇಕ್ ಹಾಕಿ, ಹ್ಯಾಂಡಲ್ ತಿರುಗಿಸುತ್ತಾ ಮೇಲೆತ್ತಿದಾಗ ಅವರು ನನ್ನ ಬೆರಳು ಬಿಗಿಯಾಗಿ ಹಿಡಿದುಕೊಂಡಿದ್ದರು. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ, ಗಾಬರಿ ಆಗಲ್ಲ.

ವೀಲ್‌ಚೇರ್ ಜಾಗವನ್ನು ಟಿಕೆಟ್ ಜೊತೆಗೇ ಕಾಯ್ದಿರಿಸಿ, ಜಾಸ್ತಿ ಜಾಗ ಇರಲ್ಲ. ಕಲೋನ್‌ನಲ್ಲಿ ರೈಲು ಬದಲಿಸಲು ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ.